ದಿನಾ ಹೆದ್ದಾರಿಯಲ್ಲಿ ಓಡುವ ಕಾರಿಗೆ ಪಿಪಿಎಫ್ ಎಷ್ಟು ವರ್ಷ ಬರುತ್ತದೆ?

ಪ್ರಶ್ನೆ: ಕೋಲಾರದಿಂದ ದಿನಾ ವೈಟ್‌ಫೀಲ್ಡ್‌ಗೆ ಕಾರಲ್ಲೇ ಓಡಾಟ. ಹೊಸ ಕಾರು, ಕಪ್ಪು ಬಣ್ಣ. ಆಗಲೇ ಜಲ್ಲಿ ಸಿಡಿದು ಬಾನೆಟ್ ತುದಿಯಲ್ಲಿ ಎರಡು ಕಡೆ ಪೇಂಟ್ ಎದ್ದಿದೆ. ಇಡೀ ಕಾರಿಗೆ ಪಿಪಿಎಫ್ (ಪೇಂಟ್ ಕಾಪಾಡಲು ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್) ಹಾಕಿಸಿ, ಹತ್ತು ವರ್ಷ ವಾರಂಟಿ ಅಂತಾರೆ ಅಂಗಡಿಯವರು. ಮನೆ ಹತ್ತಿರ ಶೆಡ್ ಇಲ್ಲ, ತೊಳೆಯೋದು ಬೋರ್‌ವೆಲ್ ನೀರಲ್ಲಿ. ಅಷ್ಟು ವರ್ಷ ಬಾಳುತ್ತಾ ಸರ್?
– ಓದುಗರೊಬ್ಬರು, ಕೋಲಾರ

ಉತ್ತರ: ಹತ್ತು ವರ್ಷದ ಲೆಕ್ಕ ಬಿಡಿ. ಬಿಸಿಲಲ್ಲೇ ನಿಲ್ಲುವ ನಿಮ್ಮ ಕಾರಿನ ಮೇಲೆ ಒಳ್ಳೆಯ ಫಿಲ್ಮ್ ಐದಾರು ವರ್ಷ ನೆಟ್ಟಗಿದ್ದರೆ ದುಡ್ಡು ವಸೂಲಾಯಿತು ಅಂದುಕೊಳ್ಳಿ. ವಾರಂಟಿ ಸಾಮಾನ್ಯವಾಗಿ ಹಳದಿಯಾಗುವುದಕ್ಕೆ, ಬಿರುಕಿಗೆ, ಗುಳ್ಳೆಗೆ ಇರುತ್ತದೆ. ಕಲ್ಲೇಟಿಗೆ ಹರಿದರೆ ಅವರು ಕೈ ತೊಳೆದುಕೊಳ್ಳುತ್ತಾರೆ.

ಮೊದಲು ಫಿಲ್ಮ್ ಯಾವುದು ಅಂತ ಕೇಳಿ. ಒಂದು ತುಂಡು ಇಸ್ಕೊಂಡು ಎಳೆದು ನೋಡಿ. ಟಿಪಿಯು (ರಬ್ಬರಿನಂಥ ಪ್ಲಾಸ್ಟಿಕ್) ಆದರೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ; ಪಿವಿಸಿ ಹಿಗ್ಗಿದ್ದು ಹಾಗೇ ಜೋತುಬೀಳುತ್ತದೆ. ಅಗ್ಗದ ಪಿವಿಸಿ ಬಿಸಿಲಿಗೆ ಒಂದೆರಡು ವರ್ಷದಲ್ಲೇ ಹಳದಿ ತಿರುಗಿ ಗಡುಸಾಗುತ್ತದೆ, ಕೀಳುವಾಗ ಚೂರುಚೂರಾಗಿ ಬರುತ್ತದೆ. ದಪ್ಪ 150ರಿಂದ 200 ಮೈಕ್ರಾನ್ ಇರಲಿ. ಗೀರು ತಾನೇ ಮಾಯವಾಗುತ್ತದೆ ಅಂತ ಅಂಗಡಿಯವರು ಹೇಳಿದರೆ ಅದು ಸುಳ್ಳಲ್ಲ. ಆದರೆ ಅದು ಬಟ್ಟೆ ಉಜ್ಜಿದ ಸಣ್ಣ ಗೀರುಗಳಿಗೆ, ಅದೂ ಬಿಸಿ ತಾಗಿದರೆ. ಜಲ್ಲಿ ಬಡಿದು ಫಿಲ್ಮ್ ಹರಿದರೆ ಕೂಡುವುದಿಲ್ಲ. ಆ ಪ್ಯಾನೆಲ್‌ಗೆ ಮಾತ್ರ ಹೊಸದು ಹಾಕಿಸಬೇಕು.

ಫಿಲ್ಮ್ ಹಾಳಾಗಲು ಶುರುವಾಗುವುದು ಹೆಚ್ಚಾಗಿ ಅಂಚಿನಿಂದ. ಗಾಡಿ ಬಿಡಿಸಿಕೊಳ್ಳುವಾಗ ಬಾನೆಟ್ ಎತ್ತಿ ಅಂಚಿನುದ್ದಕ್ಕೂ ಉಗುರು ಆಡಿಸಿ. ಒಳಕ್ಕೆ ಮಡಚಿ ಅಂಟಿಸಿದ್ದರೆ ಉಗುರಿಗೆ ಏನೂ ಸಿಕ್ಕುವುದಿಲ್ಲ. ಅಂಚಿಗೇ ಕತ್ತರಿಸಿ ಬಿಟ್ಟಿದ್ದರೆ ಅಲ್ಲಿ ಕೆಂಧೂಳು ಕೂತು ಗೆರೆ ಕಟ್ಟುತ್ತದೆ, ಆಮೇಲೆ ಬಾಯಿ ಬಿಡುತ್ತದೆ. ವಾಟರ್ ಸರ್ವೀಸ್ ಹುಡುಗರು ಪ್ರೆಷರ್ ಗನ್ ತಂದು ಅಲ್ಲಿಗೇ ಹಿಡಿಯುತ್ತಾರೆ. ಎರಡಡಿ ದೂರ ಇರು ಅಂತ ನಿಂತು ಹೇಳಬೇಕು. ಹಾಕಿಸಿದ ಮೊದಲ ವಾರ ತೊಳೆಯಲೇಬೇಡಿ.

ಇನ್ನು ನೀರು. ನಿಮ್ಮೂರ ಬೋರ್‌ವೆಲ್ ನೀರಿನ ಗಡಸು ನಿಮಗೆ ಹೇಳಬೇಕಿಲ್ಲ, ಬಚ್ಚಲ ಬಕೆಟ್ ನೋಡಿದರೆ ಸಾಕು. ಅದೇ ಬಿಳಿ ಕಲೆ ಕಾದ ಬಾನೆಟ್ ಮೇಲೂ ಕೂರುತ್ತದೆ, ಕಪ್ಪು ಕಾರಲ್ಲಿ ಎದ್ದು ಕಾಣುತ್ತದೆ. ಬಿಸಿಲೇರುವ ಮೊದಲೇ ತೊಳೆದು, ಒಣಗಲು ಬಿಡದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಕಲೆ ಕೂತಿದ್ದರೆ ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ಕೂಡಲೇ ತೊಳೆದುಬಿಡಿ. ರಬ್ಬಿಂಗ್ ಕಾಂಪೌಂಡ್ ಮುಟ್ಟಬೇಡಿ. ಹಕ್ಕಿ ಹಿಕ್ಕೆ ಬಿದ್ದರೆ ಭಾನುವಾರದವರೆಗೆ ಕಾಯದೆ ಅವತ್ತೇ ನೆನೆಸಿ ತೆಗೆಯಿರಿ.

ಇಡೀ ಕಾರಿಗೆ ಹಾಕಿಸುವುದು ನನ್ನ ಪ್ರಕಾರ ದಂಡ. ಕಲ್ಲು ಬಡಿಯುವುದು ಮುಂದಿನ ಬಂಪರ್, ಬಾನೆಟ್, ಫೆಂಡರ್, ಸೈಡ್ ಮಿರರ್ ಮತ್ತು ಬಾಗಿಲ ಕೆಳಗಿನ ಪಟ್ಟಿಗೆ. ಅಷ್ಟಕ್ಕೆ ಒಳ್ಳೆಯ ಮಾಲು ಹಾಕಿಸಿ. ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಹಚ್ಚುವ ತೆಳು ಲೇಪ) ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಜಲ್ಲಿ ತಡೆಯುವುದಿಲ್ಲ. (ನರಸಾಪುರದ ಹತ್ತಿರ ಟಿಪ್ಪರ್ ಹಿಂದೆ ಅಂಟಿಕೊಂಡು ಹೋಗುವವರಿಗೆ ಯಾವ ಫಿಲ್ಮೂ ಸಾಲದು.)

ಈಗ ಪೇಂಟ್ ಎದ್ದಿರುವ ಎರಡು ಜಾಗಕ್ಕೆ ಮೊದಲು ಟಚ್‌ಅಪ್ ಮಾಡಿಸಿ, ಪೂರ್ತಿ ಒಣಗಿದ ಮೇಲೆ ಫಿಲ್ಮ್ ಹಾಕಿಸಿ. ಹಾಗೇ ಮುಚ್ಚಿದರೆ ಮುಂದೆ ಫಿಲ್ಮ್ ಕೀಳುವಾಗ ಸುತ್ತಲಿನ ಪೇಂಟೂ ಅದರ ಜೊತೆ ಎದ್ದು ಬರಬಹುದು.