ಜಪಾನ್ ಮಹಿಳಾ ಸಾಫ್ಟ್‌ಬಾಲ್ ತಂಡ ನಿಜಕ್ಕೂ ಅಮೆರಿಕಕ್ಕೆ ಸಮನಾ?

ನೀವು ಕೇಳಿದ್ದು ಇಷ್ಟು: ಸಾಫ್ಟ್‌ಬಾಲ್ ಅಂದರೆ ಅಮೆರಿಕ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಒಲಿಂಪಿಕ್ಸ್‌ನ ಕೊನೆಯ ಎರಡು ಚಿನ್ನ ಜಪಾನ್ ಮಹಿಳೆಯರ ಹತ್ತಿರ ಇದೆ. ಅದು ಅದೃಷ್ಟವೋ, ಇಲ್ಲಾ ಆ ತಂಡ ನಿಜವಾಗಿಯೂ ಅಷ್ಟು ಚೆನ್ನಾಗಿದೆಯೋ?

ಅದೃಷ್ಟ ಖಂಡಿತ ಅಲ್ಲ. ನಾನು ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದವಳು. ಆಗಿನಿಂದ ಜಪಾನ್ ತಂಡದ ಆಟ ನೋಡಿಕೊಂಡು ಬಂದಿದ್ದೇನೆ. ಬರೀ ಪದಕ ಎಣಿಸಿದರೆ ಅಮೆರಿಕ ಮುಂದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಮೆರಿಕದ ಎದುರು ಫೈನಲ್‌ನಲ್ಲಿ ಮತ್ತೆ ಮತ್ತೆ ನಿಂತವರು ಯಾರು ಅಂತ ನೋಡಿ. ಒಂದೇ ಹೆಸರು ಬರುತ್ತದೆ.

ವಿಶ್ವ ಚಾಂಪಿಯನ್‌ಷಿಪ್‌ನಿಂದ ಶುರು ಮಾಡೋಣ. ಅದು ಮೊದಲು ನಡೆದದ್ದು 1965ರಲ್ಲಿ, ಮೆಲ್ಬರ್ನ್‌ನಲ್ಲಿ. ಗೆದ್ದದ್ದು ಆಸ್ಟ್ರೇಲಿಯಾ. ಎರಡನೆಯದು 1970ರಲ್ಲಿ ಒಸಾಕಾದಲ್ಲಿ, ಗೆದ್ದದ್ದು ಜಪಾನ್. ಅದಾದ ಮೇಲೆ ಅಮೆರಿಕದ ಕಾಲ ಬಂತು. 1982ರಲ್ಲಿ ನ್ಯೂಜಿಲೆಂಡ್ ಗೆದ್ದದ್ದು ಬಿಟ್ಟರೆ, 1974ರಿಂದ 2010ರವರೆಗೆ ಎಲ್ಲ ಕಪ್ಪೂ ಅವರದ್ದೇ. ಜಪಾನ್ ಮತ್ತೆ ಕಪ್ ಎತ್ತಲು 42 ವರ್ಷ ಕಾಯಬೇಕಾಯಿತು. 2012ರಲ್ಲಿ ಕೆನಡಾದ ವೈಟ್‌ಹಾರ್ಸ್‌ನಲ್ಲಿ, ಮಾಮೂಲಿ ಏಳು ಇನ್ನಿಂಗ್ಸ್ ಸಾಲದೆ ಹತ್ತು ಇನ್ನಿಂಗ್ಸ್ ಆಡಿ 2-1ರಿಂದ ಅಮೆರಿಕವನ್ನು ಸೋಲಿಸಿದರು. 2014ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್‌ನಲ್ಲಿ ಮತ್ತೆ ಗೆದ್ದರು. 2016 ಮತ್ತು 2018ರಲ್ಲಿ ಅಮೆರಿಕ ತಿರುಗಿ ಹೊಡೆಯಿತು. 2018ರ ಫೈನಲ್ ನಡೆದದ್ದು ಜಪಾನಿನ ಚಿಬಾದಲ್ಲೇ. ಅದೂ ಹತ್ತು ಇನ್ನಿಂಗ್ಸ್, 7-6. ತಮ್ಮ ಊರಲ್ಲಿ, ತಮ್ಮ ಜನರ ಮುಂದೆ ಒಂದೇ ರನ್ನಿನಿಂದ ಸೋತರು. 2024ರಲ್ಲಿ ಇಟಲಿಯಲ್ಲಿ 6-1ರಿಂದ ಅದರ ಲೆಕ್ಕ ಚುಕ್ತಾ ಮಾಡಿದರು.

ಒಟ್ಟು ಲೆಕ್ಕ ಹಾಕಿದರೆ ಅಮೆರಿಕಕ್ಕೆ 11, ಜಪಾನ್‌ಗೆ 4. ದೂರದ ಅಂತರ ಅನ್ನಿಸುತ್ತದೆ, ಅಲ್ವಾ? ಆದರೆ 2002ರಿಂದ 2024ರವರೆಗಿನ ಎಂಟು ಫೈನಲ್‌ಗಳನ್ನೂ ಆಡಿದ್ದು ಇವೇ ಎರಡು ತಂಡಗಳು. ಮೊದಲ ಮೂರರಲ್ಲಿ ಜಪಾನ್ ಸೋತಿತು. ಉಳಿದ ಐದರಲ್ಲಿ ಮೂರು ಜಪಾನ್‌ಗೆ, ಎರಡು ಅಮೆರಿಕಕ್ಕೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಈ ಸಾಲಿನಲ್ಲೇ ಇದೆ.

ಈಗ ಒಲಿಂಪಿಕ್ಸ್. ಸಾಫ್ಟ್‌ಬಾಲ್ ಸೇರಿದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಜಪಾನ್‌ಗೆ ನಾಲ್ಕನೇ ಸ್ಥಾನ. 2000ದಲ್ಲಿ ಸಿಡ್ನಿಗೆ ಬಂದ ಜಪಾನ್ ಬೇರೆಯೇ ತಂಡ. ಫೈನಲ್‌ವರೆಗೆ ಒಂದೂ ಪಂದ್ಯ ಸೋಲಲಿಲ್ಲ. ಲೀಗ್‌ನಲ್ಲಿ ಅಮೆರಿಕವನ್ನೂ ಸೋಲಿಸಿದ್ದರು. ಫೈನಲ್‌ನಲ್ಲಿ ಮಳೆ. ಎಂಟನೇ ಇನ್ನಿಂಗ್ಸ್‌ನಲ್ಲಿ ಲೆಫ್ಟ್ ಫೀಲ್ಡ್ ಕಡೆ ಹೋದ ಒಂದು ಕ್ಯಾಚ್ ಕೈಯಿಂದ ಜಾರಿತು, ಅಮೆರಿಕ 2-1ರಿಂದ ಗೆದ್ದಿತು. ಆ ಒಂದು ಕ್ಯಾಚ್‌ನಿಂದ ಆ ತಂಡವನ್ನು ಅಳೆಯುವುದು ಅನ್ಯಾಯ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಅಷ್ಟು ಚೆನ್ನಾಗಿ ಆಡಿ ಬೆಳ್ಳಿ ತಂದವರು ಅವರು.

2004ರಲ್ಲಿ ಅಥೆನ್ಸ್‌ನಲ್ಲಿ ಜಪಾನ್‌ಗೆ ಕಂಚು. ಆ ಸಲ ಅಮೆರಿಕ ಇಡೀ ಕೂಟದಲ್ಲಿ 51 ರನ್ ಹೊಡೆದು ಒಂದೇ ಒಂದು ರನ್ ಬಿಟ್ಟುಕೊಟ್ಟಿತ್ತು! ಅದೇ ಕೂಟದಲ್ಲಿ 22 ವರ್ಷದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಯುಕಿಕೊ ಉಯೆನೊ ಚೀನಾ ಎದುರು ಪರ್ಫೆಕ್ಟ್ ಗೇಮ್ ಎಸೆದರು. ಅಂದರೆ ರನ್ ಗಳಿಸಲು ಓಡಿ ಮುಟ್ಟಬೇಕಾದ ಬೇಸ್‌ಗಳಲ್ಲಿ ಮೊದಲನೆಯದನ್ನೂ ಎದುರಾಳಿಯ ಒಬ್ಬಳೂ ಮುಟ್ಟಲಿಲ್ಲ. ಈ ಹೆಸರು ನೆನಪಿಟ್ಟುಕೊಳ್ಳಿ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಸಾಫ್ಟ್‌ಬಾಲ್ ಬೇಸ್‌ಬಾಲ್‌ನಂಥದ್ದೇ ಆಟ, ಆದರೆ ಏಳು ಇನ್ನಿಂಗ್ಸ್. ಚೆಂಡು ದಪ್ಪ. ಪಿಚರ್ ಕೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರದಿಂದ ಬಿಡುತ್ತಾಳೆ. ಬೇಸ್‌ಬಾಲ್‌ನಲ್ಲಿ ಪಿಚರ್ 18.44 ಮೀಟರ್ ದೂರ ನಿಂತರೆ, ಮಹಿಳಾ ಸಾಫ್ಟ್‌ಬಾಲ್‌ನಲ್ಲಿ 13.11 ಮೀಟರ್ ಮಾತ್ರ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಚೆಂಡು ಬಂದರೆ ಬ್ಯಾಟರ್‌ಗೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಅದಕ್ಕೇ ದೊಡ್ಡ ಪಂದ್ಯಗಳು 1-0, 2-1 ಅಂತ ಮುಗಿಯುತ್ತವೆ. ಒಳ್ಳೆಯ ಪಿಚರ್ ಒಬ್ಬಳಿದ್ದರೆ ಯಾವ ತಂಡವನ್ನಾದರೂ ಕಟ್ಟಿಹಾಕಬಹುದು.

ಬೀಜಿಂಗ್, 2008. ಇದನ್ನು ನಿಧಾನವಾಗಿ ಹೇಳಬೇಕು.

ಆಗಸ್ಟ್ 20ಕ್ಕೆ ಸೆಮಿಫೈನಲ್, ಎದುರಿಗೆ ಅಮೆರಿಕ. ಎಂಟು ಇನ್ನಿಂಗ್ಸ್ ಮುಗಿದರೂ ಎರಡೂ ಕಡೆ ಸೊನ್ನೆ. ಒಂಬತ್ತನೆಯದರಲ್ಲಿ ಜಪಾನ್ 4-1ರಿಂದ ಸೋತಿತು. ಆದರೆ ಆಗಿನ ನಿಯಮದಲ್ಲಿ, ಲೀಗ್‌ನ ಮೊದಲ ಎರಡು ತಂಡಗಳ ನಡುವೆ ಸೋತವರಿಗೆ ಇನ್ನೊಂದು ಅವಕಾಶ ಇತ್ತು. ಅದು ಅದೇ ದಿನ, ಆಸ್ಟ್ರೇಲಿಯಾ ಎದುರು. ಆ ಪಂದ್ಯ 12 ಇನ್ನಿಂಗ್ಸ್‌ಗೆ ಹೋಯಿತು. 4-3ರಿಂದ ಜಪಾನ್ ಗೆದ್ದಿತು. ಎರಡೂ ಪಂದ್ಯಗಳಲ್ಲಿ ಶುರುವಿನಿಂದ ಕೊನೆಯವರೆಗೆ ಎಸೆದದ್ದು ಉಯೆನೊ ಒಬ್ಬರೇ. ಒಂದೇ ದಿನ 318 ಎಸೆತ. ಕ್ರಿಕೆಟ್ ಲೆಕ್ಕದಲ್ಲಿ ಹೇಳಿದರೆ ಒಬ್ಬಳೇ ಬೌಲರ್ 53 ಓವರ್ ಹಾಕಿದ ಹಾಗೆ. ಬಲಗೈ ಮಧ್ಯದ ಬೆರಳಿನಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

ಮಾರನೇ ದಿನ ಫೈನಲ್. ಮತ್ತೆ ಅಮೆರಿಕ. ಎಸೆಯಲು ಬಂದದ್ದು ಮತ್ತೆ ಉಯೆನೊ. ಇನ್ನೂ 95 ಎಸೆತ. ಎರಿ ಯಮಾದಾ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆದರು. ಜಪಾನ್ 3-1ರಿಂದ ಗೆದ್ದಿತು. ಸಿಡ್ನಿಯಿಂದ ಒಲಿಂಪಿಕ್ಸ್‌ನಲ್ಲಿ ಸತತ 22 ಪಂದ್ಯ ಗೆದ್ದುಕೊಂಡು ಬಂದಿದ್ದ ಅಮೆರಿಕಕ್ಕೆ ಅಲ್ಲಿ ತಡೆ ಬಿತ್ತು. ಎರಡು ದಿನದಲ್ಲಿ 413 ಎಸೆತ. ಜಪಾನಿನಲ್ಲಿ ಕ್ರೀಡೆ ನೋಡುವವರಿಗೆ ಆ ಸಂಖ್ಯೆ ಒಂದನ್ನೇ ಹೇಳಿದರೆ ಸಾಕು, ಯಾವ ಪಂದ್ಯ ಅಂತ ಗೊತ್ತಾಗುತ್ತದೆ.

ನನಗೆ ನಿಜವಾಗಿ ನೋವು ಕೊಡುವುದು ಇದರ ಹಿನ್ನೆಲೆ. 2005ರಲ್ಲಿ ಸಿಂಗಪುರದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮತ ಹಾಕಿ, 2012ರಿಂದ ಸಾಫ್ಟ್‌ಬಾಲ್ ಬೇಡ ಅಂತ ತೀರ್ಮಾನ ಮಾಡಿತ್ತು. ಪರವಾಗಿ 52, ವಿರುದ್ಧವೂ 52. ಸಮವಾದರೂ ಬಹುಮತ ಸಿಗಲಿಲ್ಲ ಅಂತ ಆಟ ಹೊರಗೆ ಹೋಯಿತು. ಅಮೆರಿಕ ಬಿಟ್ಟರೆ ಬೇರೆ ಯಾರೂ ಗೆಲ್ಲುವುದಿಲ್ಲ ಅನ್ನುವ ಮಾತು ಆಗ ಜಾಸ್ತಿ ಓಡಾಡುತ್ತಿತ್ತು. ಆ ಮಾತು ಸುಳ್ಳು ಅಂತ ಜಪಾನ್ ಮೂರೇ ವರ್ಷದಲ್ಲಿ ತೋರಿಸಿತು, ಆದರೆ ಅಷ್ಟರಲ್ಲಿ ಬಾಗಿಲು ಮುಚ್ಚಿ ಆಗಿತ್ತು. ಲಂಡನ್‌ನಲ್ಲಿ ಇಲ್ಲ, ರಿಯೋದಲ್ಲಿ ಇಲ್ಲ. ಒಬ್ಬ ಆಟಗಾರ್ತಿಯ ಅತ್ಯುತ್ತಮ ವರ್ಷಗಳು ಎಷ್ಟಿರುತ್ತವೆ ಹೇಳಿ? 2012 ಮತ್ತು 2014ರಲ್ಲಿ ವಿಶ್ವ ಚಾಂಪಿಯನ್ ಆದ ಜಪಾನ್ ತಂಡಕ್ಕೆ ಆಡಲು ಒಲಿಂಪಿಕ್ಸೇ ಇರಲಿಲ್ಲ. ಪದಕದ ಪಟ್ಟಿ ಮಾತ್ರ ನೋಡುವವರಿಗೆ ಇದು ಕಾಣುವುದಿಲ್ಲ.

ಹಾಗಾದರೆ ಆ 13 ವರ್ಷ ತಂಡ ಹೇಗೆ ಉಳಿಯಿತು? ಕಂಪನಿ ತಂಡಗಳಿಂದ. ಜಪಾನಿನಲ್ಲಿ ದೊಡ್ಡ ಕಂಪನಿಗಳು ತಮ್ಮದೇ ಸಾಫ್ಟ್‌ಬಾಲ್ ತಂಡ ಇಟ್ಟುಕೊಂಡಿವೆ. ಆಟಗಾರ್ತಿಯರು ಅಲ್ಲಿ ಉದ್ಯೋಗಿಗಳು, ಲೀಗ್‌ನಲ್ಲಿ ಕಂಪನಿ ಪರವಾಗಿ ಆಡುತ್ತಾರೆ. ನಮ್ಮಲ್ಲಿ ರೈಲ್ವೆ, ಬ್ಯಾಂಕ್‌ಗಳು ಆಟಗಾರರಿಗೆ ಕೆಲಸ ಕೊಡುತ್ತವಲ್ಲ, ಆ ಥರ. ಉಯೆನೊ ಆಡುವ ತಕಾಸಾಕಿ ತಂಡದ ಮಾಲೀಕ ಕಂಪನಿ ಬದಲಾಯಿತು, ಆದರೆ ತಂಡ ಮುಚ್ಚಲಿಲ್ಲ. ಅಮೆರಿಕದ ದೊಡ್ಡ ಪಿಚರ್ ಮೋನಿಕಾ ಅಬಾಟ್ ಕೂಡ ವರ್ಷಗಟ್ಟಲೆ ಟೊಯೋಟಾ ತಂಡಕ್ಕೆ ಆಡಿದರು. ಅಂದರೆ ಜಪಾನಿನ ಬ್ಯಾಟರ್‌ಗಳು ಅಮೆರಿಕದ ಪಿಚಿಂಗ್ ಎದುರಿಸಲು ಒಲಿಂಪಿಕ್ಸ್‌ವರೆಗೆ ಕಾಯಬೇಕಿರಲಿಲ್ಲ. ಒಲಿಂಪಿಕ್ಸ್ ಇರಲಿ ಬಿಡಲಿ, ಆಡಲು ಲೀಗ್ ಇತ್ತು, ತಿಂಗಳಿಗೆ ಸಂಬಳ ಬರುತ್ತಿತ್ತು. ನನ್ನ ಪ್ರಕಾರ ಜಪಾನಿನ ಗೆಲುವಿಗೆ ಮುಖ್ಯ ಕಾರಣ ಇದೇ.

ಇನ್ನೊಂದು ಕಾರಣ ಕೋಚ್ ರೇಕಾ ಉತ್ಸುಗಿ. ಅವರು ಹುಟ್ಟಿದ್ದು ಬೀಜಿಂಗ್‌ನಲ್ಲಿ. ಜಪಾನಿಗೆ ಬಂದು, ಪೌರತ್ವ ಪಡೆದು, ತಮ್ಮ ಗುರು ತಯೆಕೊ ಉತ್ಸುಗಿ ಅವರ ಮನೆತನದ ಹೆಸರನ್ನೇ ಇಟ್ಟುಕೊಂಡರು. ಸಿಡ್ನಿಯಲ್ಲಿ ತಯೆಕೊ ಕೋಚ್, ರೇಕಾ ಬ್ಯಾಟರ್. ಆ ಮಳೆಯ ಫೈನಲ್‌ನಲ್ಲಿ ಜಪಾನಿನ ಒಂದೇ ರನ್ ಬಂದದ್ದು ರೇಕಾ ಹೊಡೆದ ಹೋಮ್ ರನ್‌ನಿಂದ. 2012ರ ವಿಶ್ವ ಚಾಂಪಿಯನ್‌ಷಿಪ್ ಗೆದ್ದಾಗಲೂ, ಟೋಕಿಯೊದಲ್ಲೂ ಕೋಚ್ ಅವರೇ.

ಟೋಕಿಯೊ ಒಲಿಂಪಿಕ್ಸ್ ಕೋವಿಡ್‌ನಿಂದಾಗಿ 2021ಕ್ಕೆ ಹೋಯಿತು. ಇಡೀ ಒಲಿಂಪಿಕ್ಸ್‌ನ ಮೊದಲ ಪಂದ್ಯವೇ ಸಾಫ್ಟ್‌ಬಾಲ್. ಉದ್ಘಾಟನೆಗೆ ಎರಡು ದಿನ ಮೊದಲು ಫುಕುಶಿಮಾದಲ್ಲಿ ಜಪಾನ್ 8-1ರಿಂದ ಆಸ್ಟ್ರೇಲಿಯಾವನ್ನು ಸೋಲಿಸಿತು. ಮಾರನೇ ದಿನ ಉಯೆನೊಗೆ 39 ತುಂಬಿತು. ಅದಕ್ಕೆ ಎರಡು ವರ್ಷ ಮೊದಲು ಲೀಗ್ ಪಂದ್ಯದಲ್ಲಿ ಚೆಂಡು ಬಡಿದು ಅವರ ದವಡೆ ಮುರಿದಿತ್ತು. ಆದರೂ ಬಂದರು.

ಲೀಗ್‌ನ ಕೊನೆಯ ಪಂದ್ಯದಲ್ಲಿ ಅಮೆರಿಕ 2-1ರಿಂದ ಗೆದ್ದಿತು. ಮರುದಿನವೇ, ಜುಲೈ 27ಕ್ಕೆ, ಯೊಕೊಹಾಮಾದ ಖಾಲಿ ಸ್ಟೇಡಿಯಂನಲ್ಲಿ ಫೈನಲ್. ಉಯೆನೊ ಐದು ಇನ್ನಿಂಗ್ಸ್ ಎಸೆದ ಮೇಲೆ 20 ವರ್ಷದ ಮಿಯು ಗೊತೊಗೆ ಚೆಂಡು ಕೊಟ್ಟರು. ಆರನೇ ಇನ್ನಿಂಗ್ಸ್‌ನಲ್ಲಿ ಅಮೆರಿಕದ ಅಮಾಂಡಾ ಚಿಡೆಸ್ಟರ್ ಜೋರಾಗಿ ಹೊಡೆದ ಚೆಂಡು ಮೂರನೇ ಬೇಸ್‌ನಲ್ಲಿದ್ದ ಯು ಯಮಮೊತೊ ಅವರ ಕೈಗೆ ಬಡಿದು ಹಾರಿತು. ಹಿಂದೆ ಇದ್ದ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವರು) ಮನಾ ಅತ್ಸುಮಿ ನೆಲಕ್ಕೆ ಬೀಳುವ ಮೊದಲೇ ಹಿಡಿದು, ತಕ್ಷಣ ಎರಡನೇ ಬೇಸ್‌ಗೆ ಎಸೆದರು. ಹೊಡೆದವಳೂ, ಬೇಸ್ ಬಿಟ್ಟು ಮುಂದೆ ಹೋಗಿದ್ದವಳೂ ಸೇರಿ ಎರಡು ಔಟ್! ಇದನ್ನು ಅದೃಷ್ಟ ಅನ್ನುವವರಿದ್ದಾರೆ. ಚೆಂಡು ಹಾರಿದ್ದು ಅದೃಷ್ಟ ಇರಬಹುದು. ಅದು ಎಲ್ಲಿ ಬಿದ್ದೀತೋ ಅಂತ ಅಲ್ಲಿಗೆ ಓಡಿಬಂದು ನಿಂತಿದ್ದದ್ದು ಅಭ್ಯಾಸ. ಏಳನೇ ಇನ್ನಿಂಗ್ಸ್‌ಗೆ ಉಯೆನೊ ಮತ್ತೆ ಬಂದರು. ಸಾಫ್ಟ್‌ಬಾಲ್‌ನಲ್ಲಿ ಶುರುವಿಗೆ ಆಡಿದವರು ಹೊರಗೆ ಹೋಗಿ ಒಂದು ಸಲ ವಾಪಸ್ ಬರಬಹುದು. 2-0. ಚಿನ್ನ.

ಏಷ್ಯನ್ ಗೇಮ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1990ರಿಂದ ಮೊದಲ ಮೂರು ಚಿನ್ನ ಚೀನಾಕ್ಕೆ, 2002ರ ಬುಸಾನ್‌ನಿಂದ ಹಾಂಗ್‌ಝೌವರೆಗೆ ಸತತ ಆರು ಜಪಾನ್‌ಗೆ.

ಪ್ಯಾರಿಸ್‌ನಲ್ಲಿ ಮತ್ತೆ ಸಾಫ್ಟ್‌ಬಾಲ್ ಇರಲಿಲ್ಲ. 2028ರ ಲಾಸ್ ಏಂಜಲೀಸ್‌ಗೆ ವಾಪಸ್ ಬರುತ್ತಿದೆ, ಕ್ರಿಕೆಟ್ ಜೊತೆಗೇ. ಪಂದ್ಯಗಳು ಮಾತ್ರ ಒಕ್ಲಹಾಮಾ ಸಿಟಿಯಲ್ಲಿ, ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನ ದೊಡ್ಡ ಮೈದಾನದಲ್ಲಿ. ಅಲ್ಲಿ ಅಮೆರಿಕವನ್ನು ಸೋಲಿಸುವುದು ಬೀಜಿಂಗ್‌ಗಿಂತ, ಟೋಕಿಯೊಗಿಂತ ಕಷ್ಟ. ಆದರೂ ನನ್ನನ್ನು ಕೇಳಿದರೆ ಫೈನಲ್‌ನಲ್ಲಿ ಇರುವ ಎರಡು ತಂಡಗಳಲ್ಲಿ ಒಂದು ಜಪಾನ್. ನೀವು ಈ ಆಟ ಹೊಸದಾಗಿ ನೋಡುವವರಾದರೆ ಅಲ್ಲಿಯವರೆಗೆ ಕಾಯಬೇಡಿ, ಟೋಕಿಯೊ ಫೈನಲ್‌ನ ಆರನೇ ಇನ್ನಿಂಗ್ಸ್‌ನಿಂದ ಶುರು ಮಾಡಿ.