ಪ್ರತಿಕ್ರಿಯೆ: ದಿನ ತುಂಬುವ ಮೊದಲೇ ಹುಟ್ಟಿದ ಮಗನಿಗೆ ಎಡಿಎಚ್‌ಡಿ

ನಮಸ್ಕಾರ ಮೇಡಂ. ಮಗ 34ನೇ ವಾರಕ್ಕೇ ಹುಟ್ಟಿದ, ತಡವಾಗಿ ಅತ್ತ, ಈಗ 8 ವರ್ಷಕ್ಕೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂದಿದ್ದಾರೆ, ಮುಂದೆ ಖಿನ್ನತೆ ಬರುತ್ತದಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ತುಮಕೂರಿನಲ್ಲಿ ಇಂಥದೇ ಹುಡುಗಿಯ ಅಪ್ಪ.

37 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಎಡಿಎಚ್‌ಡಿ ಸ್ವಲ್ಪ ಜಾಸ್ತಿ. ಆತಂಕವೂ ಅಷ್ಟೇ. ಜಾಸ್ತಿ ಅಂದರೆ ಬಂದೇ ಬರುತ್ತದೆ ಅಂತಲ್ಲ. ಎಡಿಎಚ್‌ಡಿಯಲ್ಲಿ ವಂಶವಾಹಿಯ ಪಾತ್ರವೇ ದೊಡ್ಡದು. ಗ್ರಹಣದ ದಿನ ಹೊರಗೆ ಹೋಗಿದ್ದಕ್ಕೇ ಹೀಗಾಯ್ತು ಅಂತ ನಿಮ್ಮತ್ತೆ ಅಂದದ್ದನ್ನು ಸುಮ್ನೆ ಬಿಟ್ಟುಬಿಡಿ. (ನಮ್ಮನೆಯಲ್ಲಿ ಪಪ್ಪಾಯಿ ಕಥೆ ಇತ್ತು.)

ನನ್ನ ಮಗಳು ಸ್ಕೂಲಿಗೆ ಹೊರಡುವಾಗ ದಿನಾ ಹೊಟ್ಟೆನೋವು ಅನ್ನುತ್ತಿದ್ದಳು. ಒಂದು ಶೂ ಕಾಲಲ್ಲಿ, ಇನ್ನೊಂದು ಕೈಯಲ್ಲಿ, ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಕಳ್ಳಾಟ ಅಂದುಕೊಂಡು ಬೈದೆ. ಅದು ಆತಂಕ ಅಂತ ಗೊತ್ತಾಗಲು ಒಂದು ವರ್ಷ ಬೇಕಾಯ್ತು. ಕ್ಲಾಸಿನಲ್ಲಿ ಬೈಸಿಕೊಂಡೇ ಅರ್ಧ ಕುಗ್ಗಿದ್ದಳು.

ನಿದ್ದೆ ಕೆಟ್ಟರೆ, ಆಟ ಬಿಟ್ಟರೆ, 'ನಾನು ದಡ್ಡ' ಅಂತ ಪದೇ ಪದೇ ಅಂದರೆ ಕಾಯಬೇಡಿ. ಸಾಯುವ ಮಾತಾಡಿದರಂತೂ ಅವತ್ತೇ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೋಗುವಾಗ ಹೆರಿಗೆಯ ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್ ಮರೆಯಬೇಡಿ. ನಮಗೆ ಮೊದಲು ಕೇಳಿದ್ದೇ ಅದನ್ನು.