ಅಣುಬಾಂಬ್ ಸಿಡಿದರೆ ಊರು ಬಿಟ್ಟು ಓಡಬೇಕಾ, ಮನೆಯೊಳಗೇ ಇರಬೇಕಾ?

ಒಳಗೇ ಇರಿ, ಕಡೇಪಕ್ಷ ಮೊದಲ 24 ಗಂಟೆ.

ಸಿಡಿದ ಜಾಗಕ್ಕೆ ತೀರಾ ಹತ್ತಿರ ಇದ್ದವರಿಗೆ ಹೆಚ್ಚು ದಾರಿಗಳಿಲ್ಲ. ಆದರೂ 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ, ಸ್ಫೋಟದ ಕೇಂದ್ರದಿಂದ ಸುಮಾರು 170 ಮೀಟರ್ ದೂರದ ಕಾಂಕ್ರೀಟ್ ಕಟ್ಟಡದ ನೆಲಮಾಳಿಗೆಗೆ ಇಳಿದಿದ್ದ ಒಬ್ಬರು ಬದುಕಿ ಉಳಿದರು!

ದೂರದವರಿಗೆ ದೊಡ್ಡ ಅಪಾಯ ವಿಕಿರಣದ ಧೂಳು. ಬಾಂಬ್ ನೆಲದ ಹತ್ತಿರ ಸಿಡಿದರೆ ಮಣ್ಣು ಮೇಲೆದ್ದು, ವಿಕಿರಣ ಅಂಟಿಸಿಕೊಂಡು, ಗಾಳಿ ಬೀಸಿದ ಕಡೆ ಉದುರುತ್ತದೆ. 1954ರಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಬಾಂಬ್ ಪರೀಕ್ಷೆಯಲ್ಲಿ ಈ ಬೂದಿ ಬಹುದೂರದಲ್ಲಿದ್ದ ಜಪಾನಿನ ಮೀನುಗಾರರ ಮೇಲೂ ಬಿತ್ತು.

ಒಳ್ಳೆಯ ಸುದ್ದಿ ಏನೆಂದರೆ, ಇದರ ತೀವ್ರತೆ ಬೇಗ ಇಳಿಯುತ್ತದೆ. ಸ್ಫೋಟದ 1 ಗಂಟೆ ನಂತರ 100 ಇದ್ದದ್ದು 7 ಗಂಟೆಗೆ ಸುಮಾರು 10, 49 ಗಂಟೆಗೆ ಸುಮಾರು 1. ಹಾಗಿರುವಾಗ ತಕ್ಷಣ ಕಾರು ಹತ್ತಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ, ಅತಿ ಕೆಟ್ಟ ಹೊತ್ತಿನಲ್ಲೇ ಹೊರಗಿದ್ದ ಹಾಗೆ ಅಲ್ವಾ?

ನೆಲಮಾಳಿಗೆ ಅಥವಾ ದೊಡ್ಡ ಕಟ್ಟಡದ ನಡುಭಾಗ ಒಳ್ಳೆಯದು. ಶೀಟಿನ ಮನೆ, ಕಾರು ಎರಡೂ ಪ್ರಯೋಜನಕ್ಕಿಲ್ಲ. ಹೊರಗಿನಿಂದ ಬಂದಿದ್ದರೆ ಮೇಲಿನ ಬಟ್ಟೆ ಕಳಚಿ, ಸೋಪು ಹಾಕಿ ಸ್ನಾನ ಮಾಡಿ. ಕಂಡೀಷನರ್ ಮಾತ್ರ ಬೇಡ, ಅದು ಧೂಳನ್ನು ಕೂದಲಿಗೇ ಅಂಟಿಸುತ್ತದೆ. ಅಯೋಡಿನ್ ಮಾತ್ರೆಯನ್ನೂ ಸುಮ್ನೆ ನುಂಗಬೇಡಿ. ಅದು ಕಾಯುವುದು ಥೈರಾಯ್ಡ್ ಒಂದನ್ನೇ.